ಹತ್ತು ವಾರ್ಡಿನ ನೀರು: ಬೆಳಗಾವಿಯ 24×7 ಯೋಜನೆ, ಒಂದು ಪ್ರಕರಣ ಅಧ್ಯಯನ

ಬೆಳಗಾವಿ ಮಹಾನಗರ ಪಾಲಿಕೆಗೆ 58 ವಾರ್ಡು. ಅವುಗಳಲ್ಲಿ 10 ವಾರ್ಡುಗಳ ನಳಗಳಲ್ಲಿ 2008ರಿಂದ ಹಗಲೂ ರಾತ್ರಿ ನೀರು ಬರತೊಡಗಿತು. ಉಳಿದ 48 ವಾರ್ಡುಗಳ ಮಂದಿ ಅದಾಗಿ ಹತ್ತು ವರ್ಷ ಕಳೆದ ಮೇಲೂ ನೀರಿನ ಪಾಳಿ ಕಾಯುತ್ತಲೇ ಇದ್ದರು. ಊರು ಅದೇ. ಜಲಾಶಯಗಳು ಅವೇ. ಇಂಜಿನಿಯರುಗಳು ಓದಿದ ಕಾಲೇಜುಗಳೂ ಅವೇ. ಆದರೂ ಒಂದು ರಸ್ತೆ ದಾಟಿದರೆ ಸಾಕು, ನೀರಿನ ಕಥೆ ಬೇರೆ.

ಈ ಹತ್ತು ವಾರ್ಡಿನ ಕೆಲಸ ನಡೆದದ್ದು ವಿಶ್ವ ಬ್ಯಾಂಕಿನ ಸಾಲದಲ್ಲಿ, ಫ್ರಾನ್ಸ್ ಮೂಲದ ಕಂಪನಿಯೊಂದರ ಕೈಯಲ್ಲಿ. ಹೊರಗಿನ ನೆರವಿನಿಂದ ನಮ್ಮ ಸರ್ಕಾರಿ ವ್ಯವಸ್ಥೆ ಸುಧಾರಿಸುತ್ತದೆಯೇ ಎಂಬ ಚರ್ಚೆ ಬಂದಾಗ ಇದನ್ನು ಗೆದ್ದ ಉದಾಹರಣೆ ಎಂದು ತೋರಿಸುವವರಿದ್ದಾರೆ. ನೀರನ್ನು ಖಾಸಗಿಯವರಿಗೆ ಮಾರುವ ಮೊದಲ ಹೆಜ್ಜೆ ಎಂದು ಬೈಯುವವರೂ ಇದ್ದಾರೆ. ನನಗೆ ಇಬ್ಬರ ಮಾತೂ ಅರ್ಧ ಸರಿ ಅನಿಸುತ್ತದೆ. ನೀರು ಕೊಡಲು ಆಗುತ್ತದೆ ಎಂಬುದನ್ನು ಈ ಯೋಜನೆ ಚೆನ್ನಾಗಿಯೇ ತೋರಿಸಿತು. ಕೊಡುವ ಕಸುಬು ಮಾತ್ರ ನಮ್ಮ ಇಲಾಖೆಯ ಕೈಗೆ ಬರಲಿಲ್ಲ. ಸಾಲದ ಬಗ್ಗೆ, ಕಂಪನಿಯ ಬಗ್ಗೆ ನಡೆದಷ್ಟು ಮಾತು ಈ ಎರಡನೇ ವಿಷಯದ ಬಗ್ಗೆ ನಡೆದಿಲ್ಲ.

ಪಾಳಿ ನೀರಿನ ಆಡಳಿತ

ಬೆಳಗಾವಿಗೆ ನೀರಿನ ಮೂಲ ಎರಡು. ಒಂದು, ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯ. 1960ರ ದಶಕದಿಂದ ಊರಿಗೆ ನೀರು ಕೊಡುತ್ತಿದೆ. ಇನ್ನೊಂದು, ಘಟಪ್ರಭಾ ನದಿಯ ಹಿಡಕಲ್ ಅಣೆಕಟ್ಟು. ಅದು ಹುಕ್ಕೇರಿ ತಾಲ್ಲೂಕಿನಲ್ಲಿದೆ, ಊರಿಗಿಂತ ತಗ್ಗಿನಲ್ಲಿದೆ. ಅಲ್ಲಿಂದ ನೀರನ್ನು ಪಂಪು ಮಾಡಿ ಮೇಲೆತ್ತಬೇಕು. ಕರೆಂಟ್ ಹೋದರೆ, ದೊಡ್ಡ ಪೈಪು ಒಡೆದರೆ ಊರಿಗೆಲ್ಲ ಬಿಸಿ ಮುಟ್ಟುತ್ತದೆ. ಹಾಗಂತ ಇದು ನೀರೇ ಇಲ್ಲದ ಊರಲ್ಲ. ಘಟ್ಟದ ಅಂಚಿನಲ್ಲಿರುವುದರಿಂದ ಮಳೆ ಚೆನ್ನಾಗಿ ಬೀಳುತ್ತದೆ. ಹಳೇ ಪೇಟೆಗಳಲ್ಲಿ ಬಾವಿಗಳು ಬೇಕಾದಷ್ಟಿವೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರಿಗೆಂದು ಟಿಳಕವಾಡಿಯಲ್ಲಿ ತೋಡಿದ ಬಾವಿಯನ್ನು ಜನ ಈಗಲೂ ಕಾಂಗ್ರೆಸ್ ಬಾವಿ ಎಂದೇ ಕರೆಯುತ್ತಾರೆ.

ಹೀಗಿದ್ದರೂ 2000ದ ಆಸುಪಾಸಿನಲ್ಲಿ ಮನೆಯ ನಳಕ್ಕೆ ನೀರು ಬರುತ್ತಿದ್ದದ್ದು ಒಂದೆರಡು ದಿನ ಬಿಟ್ಟು, ಅದೂ ಕೆಲವೇ ತಾಸು. ಪಕ್ಕದ ಹುಬ್ಬಳ್ಳಿ-ಧಾರವಾಡದ ಪಾಡು ಇನ್ನೂ ಕೆಟ್ಟದ್ದು. ಅಲ್ಲಿ ಐದು ದಿನಕ್ಕೊಮ್ಮೆ, ಅದಕ್ಕಿಂತ ತಡವಾಗಿ ಬರುವ ಓಣಿಗಳಿದ್ದವು.

ಪಾಳಿ ನೀರಿನ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ನೋಡಬೇಕು. ಮೇಲಿಂದ ನೋಡಿದರೆ ಇದು ಇಂಜಿನಿಯರುಗಳ ಕೆಲಸ. ಓಣಿಯಲ್ಲಿ ನಿಂತು ನೋಡಿದರೆ ಇದು ವಾಲ್ವ್‌ಮನ್‌ನ ರಾಜ್ಯ. ಕಬ್ಬಿಣದ ಉದ್ದನೆಯ ಚಾವಿ ಹಿಡಿದು ಸೈಕಲ್ಲಿನಲ್ಲೋ ಬೈಕಿನಲ್ಲೋ ಬರುವ ಈತನಿಗೆ ಗೊತ್ತಿರುವಷ್ಟು ಪೈಪುಗಳ ವಿಷಯ ಕಚೇರಿಯ ನಕಾಶೆಗೆ ಗೊತ್ತಿರುವುದಿಲ್ಲ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಯಾವ ಗಲ್ಲಿಗೆ ನೀರು ಏರುತ್ತದೆ ಎಂಬುದು ಅವನ ತಲೆಯಲ್ಲೇ ಇರುತ್ತದೆ. ನಗರ ಸೇವಕರು (ಪಾಲಿಕೆ ಸದಸ್ಯರು) ಫೋನ್ ಮಾಡುವುದೂ ಅವನಿಗೇ, ಅಕ್ಕಂದಿರು ಚಹಾ ಕೊಟ್ಟು ‘ಅಣ್ಣಾ, ಇವತ್ತ ಇನ್ನೊಂದ ಅರ್ಧಾ ತಾಸ ಬಿಡ್ರೆಲಾ’ ಎಂದು ಕೇಳುವುದೂ ಅವನಿಗೇ. ಅವನನ್ನು ಬೈದು ಪ್ರಯೋಜನವಿಲ್ಲ. ಲೆಕ್ಕವೇ ಇಡದ ವ್ಯವಸ್ಥೆಯನ್ನು ನೆನಪಿನ ಮೇಲೆ ನಡೆಸಿಕೊಂಡು ಹೋದವನು ಅವನೇ.

ಇನ್ನು ಮನೆಗಳ ಕಡೆ ಬನ್ನಿ. ನೀರು ಯಾವಾಗ ಬರುತ್ತದೋ ಗೊತ್ತಿಲ್ಲದಾಗ ಜನ ನಳವನ್ನು ತೆರೆದೇ ಇಡುತ್ತಾರೆ. ಅನುಕೂಲಸ್ಥರು ನೆಲದಡಿ ಟಾಕಿ ಕಟ್ಟಿಸುತ್ತಾರೆ, ಮೇಲೆ ಸಿಂಟೆಕ್ಸ್ ಇಡುತ್ತಾರೆ, ಪೈಪಿಗೆ ನೇರವಾಗಿ ಮೋಟಾರ್ ಹಚ್ಚಿ ಎಳೆಯುತ್ತಾರೆ. ಮೋಟಾರ್ ಇಲ್ಲದ ಮನೆಯ ನಳದಲ್ಲಿ ಆಗ ಬರೀ ಗಾಳಿ. ಹೊಸ ನೀರು ಬಂತೆಂದರೆ ಎರಡು ದಿನದ ಹಿಂದೆ ತುಂಬಿದ್ದನ್ನು ಅಂಗಳಕ್ಕೆ ಚೆಲ್ಲುತ್ತಾರೆ. ನೀರು ಕಡಿಮೆ ಎಂದು ಪಾಳಿ ಮಾಡಿದ್ದು, ಆ ಪಾಳಿಯಿಂದಲೇ ಜಾಸ್ತಿ ನೀರು ಹಾಳು. ಪೈಪು ಖಾಲಿಯಾದಾಗ ಒಳಗೆ ಒತ್ತಡ ಇರುವುದಿಲ್ಲ. ಬಿರುಕುಗಳ ಮೂಲಕ ಪಕ್ಕದ ಗಟಾರದ ನೀರು ಒಳಗೆ ಸೇರುತ್ತದೆ. ಮುಂದಿನ ಪಾಳಿಯಲ್ಲಿ ಮೊದಲು ಮನೆಗೆ ಬರುವುದು ಅದೇ.

ಕಚೇರಿಯಲ್ಲಿ ಲೆಕ್ಕ ಇಡುತ್ತಿದ್ದದ್ದು ಏನನ್ನು? ಜಲಾಶಯದಿಂದ ಎಷ್ಟು ಪಂಪು ಮಾಡಿದೆವು, ಎಷ್ಟು ಕೊಳವೆಬಾವಿ ಕೊರೆದೆವು, ಎಷ್ಟು ಟ್ಯಾಂಕರ್ ಕಳಿಸಿದೆವು ಎಂಬುದನ್ನು. ಮನೆಗೆ ಎಷ್ಟು ಮುಟ್ಟಿತು ಎಂದು ಕೇಳುವವರಿಲ್ಲ. ಮೀಟರ್ ಇಲ್ಲ, ಇದ್ದರೂ ಓದುವುದಿಲ್ಲ. ಬಿಲ್ ತಿಂಗಳಿಗೆ ಇಷ್ಟು ಎಂದು ಕಟ್ಟುನಿಟ್ಟು, ನೀರು ಬರಲಿ ಬಿಡಲಿ. ಹಾಗಾಗಿ ಅನೇಕರು ಕಟ್ಟುತ್ತಿರಲಿಲ್ಲ. ಕಟ್ಟದವರನ್ನು ಕೇಳುವ ಮುಖ ಇಲಾಖೆಗೂ ಇರಲಿಲ್ಲ. ಇದರ ನಡುವೆ ಪ್ರತಿ ವರ್ಷ ಬೇಡಿಕೆ ಮಾತ್ರ ಒಂದೇ: ಇನ್ನೊಂದು ಪೈಪ್‌ಲೈನ್ ಕೊಡಿ, ಇನ್ನಷ್ಟು ನೀರು ತನ್ನಿ.

ಸಾಲ ಬಂತು, ಜೊತೆಗೆ ಷರತ್ತೂ ಬಂತು

1990ರ ದಶಕದ ಕೊನೆಗೆ ಕರ್ನಾಟಕದ ಖಜಾನೆ ಬಿಗಿಯಾಗಿತ್ತು. 2001 ಮತ್ತು 2002ರಲ್ಲಿ ವಿಶ್ವ ಬ್ಯಾಂಕ್ ರಾಜ್ಯಕ್ಕೆ ಆರ್ಥಿಕ ಸುಧಾರಣೆಯ ಹೆಸರಲ್ಲಿ ಸಾಲ ಕೊಟ್ಟಿತು. 2003ರಲ್ಲಿ ರಾಜ್ಯ ಸರ್ಕಾರ ನಗರದ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಒಂದು ನೀತಿ ಹೊರಡಿಸಿತು. ಅದರ ಬೆನ್ನಿಗೆ 2004ರ ಏಪ್ರಿಲ್‌ನಲ್ಲಿ ಕರ್ನಾಟಕ ನಗರ ನೀರು ವಲಯ ಸುಧಾರಣಾ ಯೋಜನೆಗೆ 39.5 ಮಿಲಿಯನ್ ಡಾಲರ್ ಸಾಲ ಮಂಜೂರಾಯಿತು. ಒಟ್ಟು ಯೋಜನೆ ಸುಮಾರು 237 ಕೋಟಿ ರೂಪಾಯಿಯದ್ದು. ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇದರಲ್ಲಿದ್ದವು. ನಡೆಸುವ ಹೊಣೆ ಬೆಂಗಳೂರಿನ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮದ್ದು.

ಇದು ದಾನವಲ್ಲ, ತೀರಿಸಬೇಕಾದ ಸಾಲ. ‘ವಿಶ್ವ ಬ್ಯಾಂಕ್ ನೀರು ಕೊಟ್ಟಿತು’ ಎಂದು ಸುಮ್ನೆ ಹೇಳುವವರಿಗೆ ಇಷ್ಟು ನೆನಪಿರಲಿ.

ಹಣ ದೊಡ್ಡದೇನೂ ಆಗಿರಲಿಲ್ಲ. ಇಷ್ಟು ದೊಡ್ಡ ಮೂರು ಊರುಗಳಿಗೆ ಹಂಚಿದರೆ ಎಲ್ಲಿಗೂ ಸಾಲದು. ಹಾಗಾಗಿ ಒಂದು ಪಾಲನ್ನು ಇಡೀ ಊರಿಗೆ ನೀರು ತರುವ ದೊಡ್ಡ ಪೈಪು, ಪಂಪುಗಳ ದುರಸ್ತಿಗೆ ಇಟ್ಟರು. ಉಳಿದದ್ದರಲ್ಲಿ ಪ್ರತಿ ಊರಿನ ಒಂದು ಸಣ್ಣ ಭಾಗ ಆರಿಸಿ, ಅಲ್ಲಿ ಸಂಪೂರ್ಣವಾಗಿ 24×7 ನೀರು ಕೊಟ್ಟು ತೋರಿಸುವುದು ಎಂದಾಯಿತು. ಒಟ್ಟು ಐದು ಪ್ರಾತ್ಯಕ್ಷಿಕೆ ವಲಯಗಳು. ಎರಡು ಬೆಳಗಾವಿಯಲ್ಲಿ, ಉತ್ತರಕ್ಕೊಂದು ದಕ್ಷಿಣಕ್ಕೊಂದು. ಇಲಾಖೆಯವರ ಬಾಯಲ್ಲಿ ಇವು ‘ಡೆಮೊ ಝೋನ್’. ಎಲ್ಲ ಸೇರಿ ಸುಮಾರು 25,000 ನಳ ಸಂಪರ್ಕಗಳು. ಈ ಊರುಗಳ ಜನಸಂಖ್ಯೆಯ ಹತ್ತನೇ ಒಂದು ಪಾಲು.

ಯಾಕೆ ಇಷ್ಟು ಚಿಕ್ಕದು? ಆಗ ಭಾರತದ ಯಾವ ದೊಡ್ಡ ನಗರದಲ್ಲೂ ನಿರಂತರ ನೀರು ಇರಲಿಲ್ಲ. ಇಂಜಿನಿಯರುಗಳೇ ನಂಬುತ್ತಿರಲಿಲ್ಲ. ಇಪ್ಪತ್ನಾಲ್ಕು ತಾಸು ಬಿಟ್ಟರೆ ಜಲಾಶಯವೇ ಖಾಲಿಯಾಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಆ ಲೆಕ್ಕ ತಪ್ಪು ಎಂದು ಕಣ್ಣಾರೆ ತೋರಿಸುವುದೇ ಯೋಜನೆಯ ಮೊದಲ ಉದ್ದೇಶ.

ಸುಮಾರು ಅದೇ ಹೊತ್ತಿಗೆ ವಿಶ್ವ ಬ್ಯಾಂಕ್ ತನ್ನ ವಾರ್ಷಿಕ ಅಭಿವೃದ್ಧಿ ವರದಿಯಲ್ಲಿ ಬಡವರಿಗೆ ಸೇವೆಗಳು ಯಾಕೆ ಮುಟ್ಟುವುದಿಲ್ಲ ಎಂದು ವಿಚಾರಿಸಿತ್ತು. ಜನ ತಮ್ಮ ದೂರನ್ನು ಚುನಾಯಿತರಿಗೆ ಹೇಳಿ, ಚುನಾಯಿತರು ಇಲಾಖೆಗೆ ಹೇಳಿ, ಇಲಾಖೆ ಕೆಳಗಿನವರಿಗೆ ಹೇಳಿ ಕೆಲಸವಾಗುವುದು ದೂರದ ದಾರಿ. ಸೇವೆ ಕೊಡುವವನು ಜನಕ್ಕೇ ನೇರವಾಗಿ ಉತ್ತರ ಹೇಳುವುದು ಹತ್ತಿರದ ದಾರಿ. ಬೆಳಗಾವಿಯ ಹತ್ತು ವಾರ್ಡುಗಳಲ್ಲಿ ಆ ಹತ್ತಿರದ ದಾರಿಯನ್ನು ಕಟ್ಟಿ ನೋಡಿದರು ಎನ್ನಬಹುದು.

ಒಪ್ಪಂದದ ಒಳಗೆ

ಈ ಪ್ರಕರಣದಲ್ಲಿ ನಿಂತು ನೋಡಬೇಕಾದ್ದು ಪೈಪುಗಳನ್ನಲ್ಲ, ಒಪ್ಪಂದವನ್ನು. 2005ರಲ್ಲಿ ಫ್ರಾನ್ಸಿನ ವಿಯೋಲಿಯಾ ಗುಂಪಿನ ಕಂಪನಿಯೊಂದನ್ನು ಟೆಂಡರ್ ಮೂಲಕ ಆರಿಸಿದರು. ಅವಧಿ ಮೂರೂವರೆ ವರ್ಷ. ಮೊದಲು ಸರ್ವೆ, ಆಮೇಲೆ ಜಾಲದ ದುರಸ್ತಿ, ಕೊನೆಯ ಎರಡು ವರ್ಷ ನಡೆಸಿಕೊಂಡು ಹೋಗುವುದು.

ನಮ್ಮ ಲೋಕೋಪಯೋಗಿ ಶೈಲಿಯ ಟೆಂಡರ್ ಹೇಗಿರುತ್ತದೆ ಗೊತ್ತಲ್ವಾ. ಇಷ್ಟು ಮೀಟರ್ ಪೈಪು ಹಾಕು, ಇಷ್ಟು ಅಗೆ, ಬಿಲ್ ತೆಗೆದುಕೋ. ಪೈಪಿನಲ್ಲಿ ನೀರು ಹರಿಯಿತೋ ಇಲ್ಲವೋ ಗುತ್ತಿಗೆದಾರನಿಗೆ ಸಂಬಂಧವಿಲ್ಲ. ಇಲ್ಲಿ ಅದನ್ನು ತಿರುವಿದರು. ಹಣ ಹಾಕುವುದು ಸರ್ಕಾರ. ಆಸ್ತಿ ಸರ್ಕಾರದ್ದೇ. ದರ ನಿಗದಿ ಮಾಡುವುದೂ ಸರ್ಕಾರವೇ. ಕಂಪನಿಗೆ ಸಿಗುವುದು ಫೀಸು ಮಾತ್ರ. ಆ ಫೀಸಿನ ಒಂದು ಪಾಲು ಖಾಯಂ. ಇನ್ನೊಂದು ದೊಡ್ಡ ಪಾಲು ಗುರಿ ಮುಟ್ಟಿದರೆ ಮಾತ್ರ. ಗುರಿಗಳೂ ಎಲ್ಲರಿಗೆ ಅರ್ಥವಾಗುವಂಥವು: ನೀರು ನಿಲ್ಲಬಾರದು, ಒತ್ತಡ ಇಷ್ಟಿರಬೇಕು, ಸೋರಿಕೆ ಇಷ್ಟರೊಳಗೆ ಇರಬೇಕು, ದೂರಿಗೆ ಇಷ್ಟು ಹೊತ್ತಿನಲ್ಲಿ ಉತ್ತರ ಕೊಡಬೇಕು.

ಕೆಲಸ ಶುರುವಾದ ಮೇಲೆ ಮೊದಲ ಪೆಟ್ಟು ಬಿದ್ದದ್ದು ಯೋಜನೆಗೇ. ಹಳೇ ಪೈಪುಗಳಲ್ಲಿ ಕೆಟ್ಟದ್ದನ್ನು ಮಾತ್ರ ಬದಲಾಯಿಸಿದರೆ ಸಾಕು ಎಂಬ ಅಂದಾಜಿತ್ತು. ಸರ್ವೆ ಮಾಡಿ, ಒತ್ತಡ ಹಾಕಿ ನೋಡಿದರೆ ಅರ್ಧ ನೀರು ನೆಲಕ್ಕೇ ಹೋಗುತ್ತಿತ್ತು. ಯಾವ ಪೈಪು ಎಲ್ಲಿದೆ ಎಂಬುದಕ್ಕೆ ಸರಿಯಾದ ನಕಾಶೆಯೂ ಇರಲಿಲ್ಲ. ಕೊನೆಗೆ ಈ ವಲಯಗಳ ಇಡೀ ವಿತರಣಾ ಜಾಲವನ್ನೇ ಹೊಸದಾಗಿ ಹಾಕಬೇಕೆಂದು ತೀರ್ಮಾನವಾಯಿತು. ಹೊಸ ಪ್ಲಾಸ್ಟಿಕ್ ಪೈಪು, ಪ್ರತಿ ಮನೆಗೆ ಹೊಸ ಸಂಪರ್ಕ, ಪ್ರತಿ ಸಂಪರ್ಕಕ್ಕೆ ಮೀಟರ್. ಸಾಲಗಾರ, ಸಾಲ ಕೊಟ್ಟವನು, ಕಂಪನಿ, ಮೂವರೂ ಅರ್ಧ ದಾರಿಯಲ್ಲಿ ಯೋಜನೆ ಬದಲಿಸಲು ಒಪ್ಪಿದರು. ನಮ್ಮ ಸರ್ಕಾರಿ ಕಾಮಗಾರಿಗಳಲ್ಲಿ ಅಂದಾಜುಪಟ್ಟಿ ತಪ್ಪಿದೆ ಎಂದು ಗೊತ್ತಾದರೂ ಆಡಿಟ್ ಭಯಕ್ಕೆ ಅದನ್ನೇ ಮುಗಿಸುವುದು ರೂಢಿ. ಇಲ್ಲಿ ಹಾಗಾಗಲಿಲ್ಲ. ಹೊರಗಿನ ನೆರವಿನ ನಿಜವಾದ ಲಾಭ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಡಾಲರ್‌ಗಿಂತ ಇದು ದೊಡ್ಡದು.

ವಲಯಗಳನ್ನು ಊರಿನ ಉಳಿದ ಜಾಲದಿಂದ ಬೇರ್ಪಡಿಸಿದರು. ಒಳಗೆ ಬರುವ ನೀರಿಗೆ ಒಂದು ದೊಡ್ಡ ಮೀಟರ್, ಮನೆಗಳಿಗೆ ಸಣ್ಣ ಮೀಟರ್‌ಗಳು. ಎರಡರ ವ್ಯತ್ಯಾಸ ನೋಡಿದರೆ ಸೋರಿಕೆ ಎಷ್ಟು ಎಂದು ಅವತ್ತೇ ಗೊತ್ತಾಗುತ್ತದೆ. ರಾತ್ರಿ ಎರಡು ಮೂರು ಗಂಟೆಗೆ, ಎಲ್ಲರೂ ಮಲಗಿದಾಗ ಹರಿವು ಏರಿದ್ದರೆ ಎಲ್ಲೋ ಪೈಪು ಒಡೆದಿದೆ ಎಂದರ್ಥ. ಇದರಲ್ಲಿ ದೊಡ್ಡ ವಿಜ್ಞಾನ ಏನಿಲ್ಲ. ದಿನಾ ನೋಡಿ ಬರೆದುಕೊಳ್ಳುವ ಶಿಸ್ತು ಬೇಕು, ಅಷ್ಟೇ. ದೂರಿಗೆ ರಾತ್ರಿಯೂ ತೆರೆದಿರುವ ಕೇಂದ್ರ ಬಂತು.

ದರದ ವಿಷಯಕ್ಕೆ ಜನರಲ್ಲಿ ಹೆದರಿಕೆ ಇತ್ತು. ಬೊಲಿವಿಯಾದ ಕೊಚಬಾಂಬಾ ನಗರದಲ್ಲಿ ಖಾಸಗಿ ಕಂಪನಿ ನೀರಿನ ದರ ಏರಿಸಿ, 2000ದಲ್ಲಿ ಜನ ಬೀದಿಗಿಳಿದು ಕಂಪನಿಯನ್ನೇ ಓಡಿಸಿದ ಸುದ್ದಿ ಹಳೆಯದಾಗಿರಲಿಲ್ಲ. ಇಲ್ಲಿ ಹಾಗಾಗಲಿಲ್ಲ, ಯಾಕೆಂದರೆ ದರ ಕಂಪನಿಯ ಕೈಯಲ್ಲಿರಲಿಲ್ಲ. ಮೀಟರ್ ಪ್ರಕಾರ ಹಂತ ಹಂತದ ದರ ಬಂತು. ಶುರುವಿನಲ್ಲಿ ತಿಂಗಳಿಗೆ 8,000 ಲೀಟರ್‌ವರೆಗೆ ಕನಿಷ್ಠ 48 ರೂಪಾಯಿ. ಸಣ್ಣ ಮನೆಗಳಿಗೆ ಸಂಪರ್ಕ ಶುಲ್ಕದಲ್ಲಿ ವಿನಾಯಿತಿ ಕೊಟ್ಟರು. ಕಡಿಮೆ ಬಳಸುವವರಿಗೆ ಹೊರೆಯಾಗಲಿಲ್ಲ. ಕಾರು ತೊಳೆಯುವವರಿಗೆ, ತೋಟಕ್ಕೆ ಬಿಡುವವರಿಗೆ ಬಿಲ್ ಏರಿತು. ಅವರು ಜೋರಾಗಿ ಗೊಣಗಿದರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಏನು ಸಿಕ್ಕಿತು

2008ರಲ್ಲಿ ನೀರು ನಿಲ್ಲದೆ ಬರತೊಡಗಿತು. ಅರ್ಧದಷ್ಟಿದ್ದ ಸೋರಿಕೆ ಶೇ 10ರೊಳಗೆ ಇಳಿಯಿತು. ಜಲಾಶಯ ಖಾಲಿಯಾಗಲಿಲ್ಲ. ಈ ವಲಯಗಳಿಗೆ ಮೊದಲಿಗಿಂತ ಜಾಸ್ತಿ ನೀರು ಬೇಕಾಗಲೂ ಇಲ್ಲ. ಇಂಜಿನಿಯರುಗಳ ಹಳೇ ಲೆಕ್ಕ ತಪ್ಪಾಯಿತು.

ಆರೋಗ್ಯದ ಮೇಲೆ ಏನಾಯಿತು ಎಂಬುದಕ್ಕೆ ಗಟ್ಟಿ ಪುರಾವೆ ಇರುವುದು ಇದೇ ಯೋಜನೆಯ ಹುಬ್ಬಳ್ಳಿ-ಧಾರವಾಡದ ಭಾಗದಿಂದ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿ ಎರಡೂ ಬಗೆಯ ವಾರ್ಡುಗಳ ನೀರನ್ನು ಪರೀಕ್ಷಿಸಿದರು. ಪಾಳಿ ನೀರಿನ ನಳಗಳಲ್ಲಿ ಸುಮಾರು ಮೂರರಲ್ಲಿ ಒಂದು ಮಾದರಿಯಲ್ಲಿ ಮಲಮಾಲಿನ್ಯದ ಸೂಚಕವಾದ ಇ-ಕೋಲಿ ಸಿಕ್ಕಿತು. ನಿರಂತರ ನೀರಿನ ನಳಗಳಲ್ಲಿ ಅದು ನೂರಕ್ಕೆ ಒಂದೂ ಇರಲಿಲ್ಲ. 2015ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನ ಸ್ವಲ್ಪ ಇರಿಸುಮುರಿಸಿನದು. ಚಿಕ್ಕ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ರಕ್ತಭೇದಿ ಮಾತ್ರ ಬಡ ಮನೆಗಳಲ್ಲಿ ಕಡಿಮೆಯಾಗಿತ್ತು. ನಳದ ನೀರು ಶುದ್ಧವಾದರೂ ಜನ ಅದನ್ನು ಕೊಡದಲ್ಲಿ, ಟಾಕಿಯಲ್ಲಿ ತುಂಬಿಡುವುದನ್ನು ಬಿಟ್ಟಿರಲಿಲ್ಲ. ವರ್ಷಾನುಗಟ್ಟಲೆ ನಳ ನಂಬಿಸಿ ಕೈ ಕೊಟ್ಟಿದೆ, ಒಂದೆರಡು ವರ್ಷಕ್ಕೆ ಯಾರು ನಂಬುತ್ತಾರೆ? ನಾಳೆ ಕಂಪನಿ ಹೋದರೆ ಮತ್ತೆ ಪಾಳಿ ಬರಬಹುದು ಎಂಬ ಲೆಕ್ಕಾಚಾರ ಅವರದು. ಬುದ್ಧಿವಂತ ಲೆಕ್ಕಾಚಾರವೇ.

ಹತ್ತರಿಂದ ಐವತ್ತೆಂಟಕ್ಕೆ ಯಾಕೆ ಹೋಗಲಿಲ್ಲ

2011ರಲ್ಲಿ ಮೊದಲ ಸಾಲದ ಯೋಜನೆ ಮುಗಿಯಿತು. ಊರುಗಳ ಉಳಿದ ಭಾಗಕ್ಕೆ ಇದನ್ನು ಹಬ್ಬಿಸುವ ಎರಡನೇ ಯೋಜನೆಗೆ ವಿಶ್ವ ಬ್ಯಾಂಕ್ 100 ಮಿಲಿಯನ್ ಡಾಲರ್ ಮಂಜೂರು ಮಾಡಿದ್ದು 2016ರಲ್ಲಿ. ಬೆಳಗಾವಿಯ ಉಳಿದ ವಾರ್ಡುಗಳಲ್ಲಿ ಹೊಸ ಆಪರೇಟರ್ (ನೀರು ನಡೆಸುವ ಗುತ್ತಿಗೆ ಕಂಪನಿ) ಕೆಲಸ ಶುರು ಮಾಡುವ ಹೊತ್ತಿಗೆ 2020ರ ದಶಕ ಬಂದಿತ್ತು. 2008ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತುತ್ತಿತ್ತು.

ದುಡ್ಡಿರಲಿಲ್ಲ ಎಂಬುದು ಸುಲಭದ ಉತ್ತರ. ಭಾಗಶಃ ಸರಿ. ಹಳೇ ಪೈಪು ಪೂರ್ತಿ ಕಿತ್ತು ಹೊಸದು ಹಾಕಿದ್ದರಿಂದ ಪ್ರತಿ ಮನೆಯ ಖರ್ಚು ಏರಿತ್ತು. ಇಡೀ ಊರಿಗೆ ಹಾಗೆ ಮಾಡಲು ನೂರಾರು ಕೋಟಿ ಬೇಕು. ರಾಜಕೀಯದ ಅಳುಕೂ ಇತ್ತು. ಹತ್ತು ವಾರ್ಡಿಗೆ ಮೀಟರ್ ಹಾಕಿಸುವುದು ಬೇರೆ, ಚುನಾವಣೆ ಎದುರಿಗಿಟ್ಟುಕೊಂಡು ಇಡೀ ಊರಿಗೆ ಹಾಕಿಸುವುದು ಬೇರೆ.

ಆದರೆ ನನಗೆ ಮುಖ್ಯ ಅನಿಸುವ ಕಾರಣ ಬೇರೆ. ಬೆಳಗಾವಿಯಲ್ಲಿ ನೀರಿನ ದಿನದ ಕೆಲಸ ನೋಡುತ್ತಿದ್ದದ್ದು ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಯೋಜನೆ ನಡೆಸಿದ್ದು ಬೆಂಗಳೂರಿನ ನಿಗಮ. ನಳ ನಡೆಸಿದ್ದು ಕಂಪನಿ. ಜನರ ಬೈಗುಳ ಕೇಳುತ್ತಿದ್ದದ್ದು ಪಾಲಿಕೆ. ಈ ನಾಲ್ವರಲ್ಲಿ ಕಲಿತವರು ಒಬ್ಬರು, ಕಲಿಯಬೇಕಿದ್ದವರು ಇನ್ನೊಬ್ಬರು. ಒಪ್ಪಂದದ ಅವಧಿ ಮುಗಿದಾಗ ಮಂಡಳಿಯೇ ಹತ್ತು ವಾರ್ಡನ್ನು ಕೈಗೆತ್ತಿಕೊಂಡು ನಡೆಸಲಿಲ್ಲ. ಒಪ್ಪಂದವನ್ನೇ ಮುಂದುವರಿಸಬೇಕಾಯಿತು. ಬಾಡಿಗೆ ಎತ್ತು ತಂದು ಒಂದು ಎಕರೆ ಚಂದವಾಗಿ ಹರಗಿಸಿದಂತಾಯಿತು. ಉಳಿದ ಹೊಲ ಹಾಗೇ ಇತ್ತು, ಕೊಟ್ಟಿಗೆಯಲ್ಲಿ ಎತ್ತೂ ಇರಲಿಲ್ಲ.

ಇದು ಬೆಳಗಾವಿಯೊಂದರ ಕಥೆಯೂ ಅಲ್ಲ. ಸಾಲ ಕೊಡುವ ಸಂಸ್ಥೆಗಳಿಗೆ ಸಮಯಕ್ಕೆ ಸರಿಯಾಗಿ ಹಣ ಖರ್ಚಾಗಬೇಕು, ಲೆಕ್ಕ ಚೊಕ್ಕವಾಗಿರಬೇಕು. ಖಾಯಂ ಇಲಾಖೆ ನಿಧಾನ. ಅದಕ್ಕೆ ಪಕ್ಕದಲ್ಲಿ ಪ್ರತ್ಯೇಕ ಯೋಜನಾ ಘಟಕ ಕಟ್ಟುತ್ತಾರೆ. ಒಳ್ಳೆಯ ಅಧಿಕಾರಿಗಳು ಅಲ್ಲಿಗೆ ಹೋಗುತ್ತಾರೆ. ಯೋಜನೆ ಮುಗಿದ ಮೇಲೆ ಅವರು ಎಲ್ಲೆಲ್ಲೋ ವರ್ಗವಾಗುತ್ತಾರೆ, ಇಲಾಖೆ ಇದ್ದಲ್ಲೇ ಇರುತ್ತದೆ. ಈ ಕಾಯಿಲೆ ಎಷ್ಟು ಹಳೆಯದೆಂದರೆ, ನೆರವು ಕೊಡುವ ಮತ್ತು ಪಡೆಯುವ ದೇಶಗಳು 2005ರಲ್ಲಿ ಪ್ಯಾರಿಸ್‌ನಲ್ಲಿ ಸೇರಿ ಮಾಡಿದ ಘೋಷಣೆಯಲ್ಲಿ ಇಂಥ ಸಮಾನಾಂತರ ಘಟಕಗಳನ್ನು ಐದು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಇಳಿಸಬೇಕು ಎಂಬ ಗುರಿಯನ್ನೇ ಇಟ್ಟುಕೊಂಡಿದ್ದವು.

ಬೇರೆ ದಾರಿ ಇತ್ತೇ? ಇತ್ತು. ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ನೋಡಿ. ಯುದ್ಧದಿಂದ ಜರ್ಝರಿತವಾದ ಊರು. 1993ರಲ್ಲಿ ಅಲ್ಲಿ ಪಂಪು ಮಾಡಿದ ನೀರಿನಲ್ಲಿ ಶೇ 72ರಷ್ಟು ಸೋರಿಕೆ, ಕಳವು, ಲೆಕ್ಕವಿಲ್ಲದೆ ಹೋಗುತ್ತಿತ್ತು. ಆ ವರ್ಷ ಸರ್ಕಾರಿ ನೀರು ಪ್ರಾಧಿಕಾರಕ್ಕೆ ಮುಖ್ಯಸ್ಥರಾಗಿ ಬಂದವರು ಎಕ್ ಸೊನ್ ಚಾನ್. ನೆರವು ಕೊಟ್ಟವರು ಅಲ್ಲೂ ಹೊರಗಿನವರೇ: ವಿಶ್ವ ಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್, ಫ್ರಾನ್ಸ್, ಜಪಾನ್. ಆದರೆ ನಡೆಸಿದ್ದು ಅದೇ ಸರ್ಕಾರಿ ಸಂಸ್ಥೆ, ಅದರದ್ದೇ ನೌಕರರು. ಜಪಾನಿನ ಕಿತಾಕ್ಯೂಶು ನಗರದ ನೀರು ವಿಭಾಗದ ಇಂಜಿನಿಯರುಗಳು ಬಂದು ಪಕ್ಕದಲ್ಲಿ ನಿಂತು ಕೆಲಸ ಕಲಿಸಿದರು. 1996ರಲ್ಲಿ ಪ್ರಾಧಿಕಾರಕ್ಕೆ ಸ್ವಾಯತ್ತತೆ ಸಿಕ್ಕಿತು: ನೇಮಕ, ಸಂಬಳ, ಹಣಕಾಸು ಅದರ ಕೈಯಲ್ಲೇ. ಬಿಲ್ ಕಟ್ಟದ ಸೇನಾಧಿಕಾರಿಯ ಮನೆಯ ಸಂಪರ್ಕ ಕಡಿಯಲು ಹೋದಾಗ ತಲೆಗೆ ಪಿಸ್ತೂಲು ಹಿಡಿದ ಪ್ರಸಂಗವನ್ನು ಚಾನ್ ಅವರೇ ಹೇಳಿಕೊಂಡಿದ್ದಾರೆ. ಹದಿನೈದು ವರ್ಷದೊಳಗೆ ಆ ನಷ್ಟ ಶೇ 10ಕ್ಕಿಂತ ಕೆಳಗಿಳಿಯಿತು, ಇಡೀ ಊರಿಗೆ ನಿರಂತರ ನೀರು ಬಂತು. ಚಾನ್ ಅವರಿಗೆ 2006ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಸಿಕ್ಕಿತು.

ಹೋಲಿಕೆಗೆ ಮಿತಿ ಇದೆ, ಒಪ್ಪುತ್ತೇನೆ. ನಾಮ್ ಪೆನ್‌ನಲ್ಲಿ ಹತ್ತೊಂಬತ್ತು ವರ್ಷ ಒಬ್ಬರೇ ಮುಖ್ಯಸ್ಥರಿದ್ದರು. ನಮ್ಮಲ್ಲಿ ಪಾಲಿಕೆ ಆಯುಕ್ತರು ಎರಡು ವರ್ಷ ಇದ್ದರೆ ದೊಡ್ಡದು. ಅಲ್ಲಿಯ ರಾಜಕೀಯ ನಮ್ಮದರಂತೆ ಗದ್ದಲದ್ದಲ್ಲ. ಆದರೂ ‘ಸರ್ಕಾರಿ ಸಂಸ್ಥೆಯಿಂದ ಆಗುವುದಿಲ್ಲ, ಖಾಸಗಿಯವರೇ ಬೇಕು’ ಎಂಬ ಮಾತಿಗೆ ನಾಮ್ ಪೆನ್ ಒಂದು ಗಟ್ಟಿ ಉತ್ತರ. ‘ವಿದೇಶಿ ನೆರವು ಅಂದರೇನೇ ಮೋಸ’ ಎಂಬ ಮಾತಿಗೂ.

ಎರಡನೇ ಸುತ್ತು

ಈಗ ನಡೆಯುತ್ತಿರುವ ಎರಡನೇ ಯೋಜನೆಯಲ್ಲಿ ಹಳೆಯದಕ್ಕಿಂತ ಒಂದು ದೊಡ್ಡ ಬದಲಾವಣೆ ಇದೆ. ಆಪರೇಟರ್‌ಗೆ ಸಣ್ಣ ವಲಯದ ಬದಲು ಇಡೀ ಊರನ್ನೇ ಒಪ್ಪಿಸಲಾಗಿದೆ, ಅದೂ ವರ್ಷಾನುಗಟ್ಟಲೆ ಅವಧಿಗೆ. ಅಂದರೆ ಹೊಸ ಪೈಪು ಹಾಕುತ್ತಲೇ ಹಳೇ ಪಾಳಿ ನೀರನ್ನೂ ಅವರೇ ನಡೆಸಬೇಕು. ಕಷ್ಟ ಇರುವುದು ಇಲ್ಲೇ. ಮೊದಲ ಸುತ್ತಿನಲ್ಲಿ ಚೊಕ್ಕ ಪ್ರಯೋಗಾಲಯ ಇತ್ತು. ಈಗ ರಸ್ತೆ ಅಗೆದು ಬಿಟ್ಟಿದ್ದಾರೆ, ನೀರು ತಡವಾಯಿತು, ಯಾರನ್ನು ಕೇಳಬೇಕು ಎಂಬ ದೂರುಗಳು ದಿನನಿತ್ಯದವು. ಹುಬ್ಬಳ್ಳಿ-ಧಾರವಾಡದಲ್ಲಿ ಹಸ್ತಾಂತರದ ಹೊತ್ತಿಗೆ ಮೊದಲಿದ್ದ ಹೊರಗುತ್ತಿಗೆ ನೀರು ಕಾರ್ಮಿಕರು ಕೆಲಸಕ್ಕಾಗಿ ಧರಣಿ ಕೂತರು. ನಕಾಶೆ ತಲೆಯಲ್ಲಿಟ್ಟುಕೊಂಡ ಅದೇ ವಾಲ್ವ್‌ಮನ್‌ಗಳು. ಅವರನ್ನು ಮನೆಗೆ ಕಳಿಸಿದರೆ ಊರಿನ ಅರ್ಧ ನಕಾಶೆಯೂ ಅವರ ಜೊತೆ ಹೋಗುತ್ತದೆ.

ನನಗೆ ತೋಚುವ ಒಂದೆರಡು ಮಾತು. ಸಾಲದ ಕಂತಿಗೆ ಕಟ್ಟುವ ಗುರಿಗಳಲ್ಲಿ ಪೈಪಿನ ಕಿಲೋಮೀಟರ್, ಮೀಟರ್ ಸಂಖ್ಯೆ ಜೊತೆಗೆ ಇನ್ನೊಂದು ಸೇರಬೇಕು: ಪಾಲಿಕೆಯ ಎಷ್ಟು ಖಾಯಂ ಇಂಜಿನಿಯರುಗಳು, ಎಷ್ಟು ಫಿಟ್ಟರ್‌ಗಳು ಒಂದು ವಲಯವನ್ನು ಕಂಪನಿಯ ಸಹಾಯವಿಲ್ಲದೆ ಆರು ತಿಂಗಳು ನಡೆಸಿ ತೋರಿಸಿದ್ದಾರೆ ಎಂಬುದು. ಹತ್ತು ಹಳೇ ವಾರ್ಡುಗಳಲ್ಲೇ ಇದನ್ನು ಶುರು ಮಾಡಬಹುದು. ಅಲ್ಲಿ ಪೈಪು ಹೊಸದು, ಮೀಟರ್ ಇದೆ, ಜನಕ್ಕೆ ಅಭ್ಯಾಸವಾಗಿದೆ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಈ ಊರಲ್ಲಿಲ್ಲ.

ಎರಡನೆಯದು ಲೆಕ್ಕದ ವಿಷಯ. ವಿದ್ಯುತ್ತಿಗೆ ರಾಜ್ಯದಲ್ಲಿ 1999ರಿಂದ ನಿಯಂತ್ರಣ ಆಯೋಗ ಇದೆ. ದರ ಏರಿಸುವ ಮೊದಲು ಬಹಿರಂಗ ವಿಚಾರಣೆ ನಡೆಯುತ್ತದೆ, ರೈತ ಸಂಘದವರೂ ಕೈಗಾರಿಕೆಯವರೂ ಹೋಗಿ ಜಗಳ ಮಾಡುತ್ತಾರೆ. ನಗರದ ನಳದ ನೀರಿಗೆ ಅಂಥ ಜಾಗ ಇಲ್ಲ. ಆಪರೇಟರ್ ಸೋರಿಕೆ ಎಷ್ಟು ಇಳಿಸಿದ, ಎಷ್ಟು ದೂರು ಬಂತು, ಎಷ್ಟು ಫೀಸು ಹೋಯಿತು ಎಂಬ ಪಟ್ಟಿ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ವಿಶ್ವ ಬ್ಯಾಂಕ್ ಇರುವ ವಾಷಿಂಗ್ಟನ್‌ಗೂ ಹೋಗುತ್ತದೆ. ಇದೇ ಊರಿನ ವಡಗಾವಿಯ ನೇಕಾರನ ಮನೆಗೆ ಬರುವುದಿಲ್ಲ, ಪಕ್ಕದ ಶಹಾಪುರದ ನಗರ ಸೇವಕರ ಟೇಬಲ್ಲಿಗೂ ಬರುವುದು ಅಪರೂಪ. ಪ್ರತಿ ತಿಂಗಳು ವಾರ್ಡಿನ ಕಚೇರಿ ಬಾಗಿಲಿಗೆ ಐದು ಅಂಕಿ ಬರೆದು ಹಚ್ಚಲಿ, ಕನ್ನಡದಲ್ಲೂ ಮರಾಠಿಯಲ್ಲೂ: ಒಳಗೆ ಬಂದ ನೀರು, ಮನೆಗೆ ಮುಟ್ಟಿದ ನೀರು, ನೀರು ನಿಂತ ತಾಸುಗಳು, ಬಂದ ದೂರು, ಬಗೆಹರಿದ ದೂರು. ಇದಕ್ಕೆ ಸಾಲ ಬೇಡ. ಮುಂದಿನ ಪಾಲಿಕೆ ಸಾಮಾನ್ಯ ಸಭೆಯಲ್ಲಿ ಒಂದು ಠರಾವು ಮಾಡಿದರೆ ಸಾಕು.